ದೋಣಿ ಕಟ್ಟೋ ಜಾಗ

ಮೂರು ಗುಂಟೆ, ಹಿನ್ನೀರಿಗಿ ಹತ್ತಿದ್ದು.
ಎರಡು ಜಾಲಿಗಿಡ, ದೋಣಿ ಮೂಗು ಏರುವಷ್ಟು ಇಳಿಜಾರು,
ಗೂಟಕ್ಕಂತ ಮಾಡಿಟ್ಟಂಗ ಒಂದು ಕೆಂಪುಕಲ್ಲು.
ಖರೀದಿ ಆದ್ರ ಒಂದು ಲಕ್ಷ ಎಂಬತ್ತು,
ಕಿರಾಯ ಆದ್ರ ವರ್ಷಕ್ಕ ಒಂಬತ್ತು ಸಾವಿರ,
ಅಂದ್ರು ವೈಜಿನಾಥರಾವ ಪಾಟೀಲರು
ಅಡಕಿ ಕತ್ತರಿಸ್ಕೋತ. ನಮ್ಮ ಮಾರಿ ನೋಡಲಿಲ್ಲ.

ಇಷ್ಟು ದಿನ ಕಂಡಲ್ಲಿ ಕಟ್ಟಿದ್ವಿ.
ಹೋದ ಶ್ರಾವಣದಾಗ ಯಾರೋ ಹಗ್ಗ ಕೊಯ್ದರು.
ದೋಣಿ ಎರಡು ದಿನ ತಾನೇ ತಿರುಗಿತು ಕಾರಂಜಾದ ಮ್ಯಾಲ,
ಅವ್ವಗ ಹೇಳದೆ ಹೋದ ಹುಡುಗಿಯಂಗ.
ಸಿಕ್ಕಾಗ ಒಳಗ ಬಲಿ ಇರಲಿಲ್ಲ, ಒಂದು ಕೊಕ್ಕರೆ ಕುಂತಿತ್ತು.
ಅವತ್ತೇ ಝರೆಪ್ಪ ಅಂದ: ಜಾಗ ಬೇಕು, ಕಸ್ತೂರಿ,
ನಮ್ದು ಅನ್ನೋ ಜಾಗ.

ನಾ ಲೆಕ್ಕ ಹಾಕಿದೆ, ಮೀನಿನ ಚೀಟಿ ಹಿಂದ.
ಕಿರಾಯ ಹೋಗಿ ಖರೀದಿಗಿ ಮುಟ್ಟಬೇಕಂದ್ರ ಇಪ್ಪತ್ತು ವರ್ಷ.
ದೋಣಿ ಬಾಳಿಕಿ ಎಂಟು, ಅಂತ ಮಾರಿದವ ಬರ್ದು ಕೊಟ್ಟಾನ.
ಝರೆಪ್ಪನ ಮೊಣಕಾಲಿಂದು ಯಾರೂ ಬರ್ದು ಕೊಟ್ಟಿಲ್ಲ.

ಅವನ ಮಾತು ಬ್ಯಾರೆ.
ಕಿರಾಯ ಅಂದ್ರ ನೀರಾಗ ಹಾಕಿದ ರೊಕ್ಕ, ಅಂತಾನ.
ನಮ್ಮಪ್ಪ ಹರಗೋಲು ತಲಿಮ್ಯಾಲ ಹೊತ್ಕೊಂಡೇ ತಿರುಗಿದ, ಆಮಿಯಂಗ;
ಸತ್ತಾಗ ಪಹಣಿದಾಗ ಅವನ ಹೆಸರು
ಒಂದು ಬೆರಳಿನ ಅಗಲಕ್ಕೂ ಇರಲಿಲ್ಲ.
ಇದಕ್ಕ ನನ್ನ ಲೆಕ್ಕದಾಗ ಉತ್ತರ ಇಲ್ಲ.
ಸುಮ್ನ ರೊಟ್ಟಿ ಬಡದೆ.

ಆದ್ರ ನೀರು? ನೀರು ಕಾಗದ ಓದ್ತದೇನು?
ಮಾಘಕ್ಕ ಮಾರುದ್ದ ಸರೀತದ, ಚೈತ್ರಕ್ಕ ಕೂಗಳತಿ,
ಬ್ಯಾಸಗಿ ಕಡೀಕ ಆ ಮೂರು ಗುಂಟೆ
ಹಪ್ಪಳದಂಗ ಒಣಗಿ ಬಿದ್ದಿರ್ತದ,
ದೋಣಿ ನಿಂತಿರ್ತದ ಬಶೀರಮಿಯಾನ ಕರಬೂಜ್ ಬಳ್ಳಿ ಮಗ್ಗಲಿಗಿ.
ಆವಾಗ ಯಾರಿಗಿ ಕೊಡೋದು ಕಿರಾಯ?

ಮೂರನೇ ಸಲ ಹೋದಾಗ ಪಾಟೀಲರು ಅಡಕಿ ತಗೀಲಿಲ್ಲ.
ದೋಣಿ ತೋರಸ್ರಿ, ಅಂದ್ರು.
ಧೋತರ ಎತ್ತಿ ಹಿಡ್ಕೊಂಡು ಹತ್ತಿದ್ರು,
ಎರಡೂ ಕೈಲೆ ಅಂಚು ಬಿಗಿಹಿಡಿದ್ರು.
ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಾಗಿ ಕುಂತಿದ್ದು ಅವತ್ತೇ ಕಂಡೆ.
ಎಡಕ್ಕ. ಇನ್ನಾ ಸ್ವಲ್ಪ. ಆ ಗುಡ್ಡದ ಬೋಳಿಗಿ ನ್ಯಾರ.
ಹಾಂ, ನಿಲ್ಲಸ್ರಿ.
ಕೆಳಗ ಬಾವಿ ಅದ, ಅಂದ್ರು. ಹನ್ನೊಂದು ಮೆಟ್ಟಲು.
ಈ ಕಡಿ ತೊಗರಿ, ಆ ಕಡಿ ಕಬ್ಬು.
ಸರ್ಕಾರ ರೊಕ್ಕ ಕೊಟ್ಟದ, ಇಲ್ಲ ಅನ್ನಂಗಿಲ್ಲ.
ರೊಕ್ಕ ಖರ್ಚಾತು.
ಝರೆಪ್ಪ ಹುಟ್ಟು ಇಳಿಬಿಟ್ಟ. ತಳ ಹತ್ತಲಿಲ್ಲ.

ಕಾಗದ ಹಿಂಗಾತು: ಹನ್ನೊಂದು ತಿಂಗಳು, ಆರು ಸಾವಿರ.
ಬಾಂಡಿನ್ಯಾಗ ಬರೀದೆ ಉಳಿದದ್ದು ಒಂದು:
ಎಳ್ಳಮವಾಸಿ ದಿನ ಅವರ್ನ ಅವರ ಹೊಲಕ್ಕ ಒಯ್ಯಬೇಕು.

ಒಯ್ದ್ವಿ.
ಭಜ್ಜಿ, ಸಜ್ಜಿ ಕಡಬು, ಅಂಬಲಿ ಮಡಕಿ, ಮೊಮ್ಮಗಳೊಬ್ಬಾಕಿ.
ನೀರಿನ ಮ್ಯಾಲ ನಾಕೂ ದಿಕ್ಕಿಗಿ ಚರಗ ಚೆಲ್ಲಿದ್ರು.
ನಮಗ ಎಲ್ಲಾ ಒಂದೇ ನೀರು;
ಅವರು ಮಾತ್ರ ಬದು ಬಂದಲ್ಲಿ
ಸಾಕು, ಮುಂದಿಂದು ಮಾಣಿಕಪ್ಪಂದು, ಹೊಳ್ಳಸ್ರಿ ಅಂದ್ರು.
ಕಡಬಿಗಿ ಮೀನು ಎದ್ದು ಬಂದ್ವು, ಬೆಳ್ಳಗ, ಬಾಯಿ ತಕ್ಕೊಂಡು.
ಝರೆಪ್ಪನ ಕೈ ಬಲಿ ಕಡಿ ಹೋತು.
ನಾ ಕಣ್ಣಲೆ ಬ್ಯಾಡ ಅಂದೆ.
ಜಾಗದ ಗುರ್ತು ಮಾತ್ರ ಇಟ್ಕೊಂಡೆ.

ಮರುದಿನ ನಸುಕಿಗಿ ಅಲ್ಲೇ ಬಲಿ ಬಿಟ್ಟಿದ್ದು
ಪಾಟೀಲರಿಗಿ ಹೇಳಿಲ್ಲ.
ಒಂದು ದೊಡ್ಡ ಕಾಟ್ಲಾ ಮನಿಗಿ ಕಳಿಸೀವಿ. ಅವರು ತಿನ್ನಂಗಿಲ್ಲಂತ,
ಬುಟ್ಟಿ ತೊಳದು ವಾಪಸ್ ಬಂತು, ಒಳಗ ಸೇರು ತೊಗರಿ.

ಉಳಿದ ರೊಕ್ಕದಾಗ ನೂರು ಮಾರು ಹಗ್ಗ ತಂದೀವಿ,
ನೀರು ಸರಿದಂಗ ಬಿಡ್ಲಿಕ್ಕ.
ಬರೋ ವರ್ಷದ್ದು ಬರೋ ವರ್ಷ.
ಝರೆಪ್ಪ ಮಾತ್ರ ಆ ಕೆಂಪುಕಲ್ಲಿನ ಮ್ಯಾಲ ಕುಂತು ಎದ್ದಾಗೆಲ್ಲ
ಅಂಗೈಲೆ ಒಂದು ಸಲ ಒರಸ್ತಾನ.
ಕಿರಾಯದ್ದನ್ನ ಯಾರೂ ಹಂಗ ಒರಸಂಗಿಲ್ಲ.